ಕುಬ್ಬಾದಲ್ಲಿ ಕೂತವಳು

ಘದಾಮಿಸ್, ಹಳೇ ಊರಿನ ಮನೆ
ಅಕ್ಟೋಬರ್ ತಿಂಗಳು, ಖರ್ಜೂರ ಸುಗ್ಗಿಯ ಹಬ್ಬದ ಎರಡನೆಯ ದಿನ, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ವಿದಾದ್‌ಳ ಸಲಾಮುಗಳು. ಕಣ್ಣಿನ ಪಟ್ಟಿ ಬಿಚ್ಚಿದರು ಎಂದು ತಮ್ಮ ಹೇಳಿದ. ಇನ್ನೂ ಮಂಜು ಮಂಜಾಗಿ ಕಾಣುತ್ತಿದ್ದರೂ ಈ ಪತ್ರವನ್ನು ನೀನೇ ಓದು. ಅದಕ್ಕೆಂದೇ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ತಮ್ಮನ ಕೈಯಲ್ಲಿ ಓದಿಸಬೇಡ. ಆಗುವುದೇ ಇಲ್ಲ ಎಂದರೆ ಪತ್ರ ತಂದುಕೊಟ್ಟ ಹನಾನ್‌ಳನ್ನು ಬಾಗಿಲು ಹಾಕಿ ಕೂರಿಸಿಕೊಂಡು ಓದಿಸು. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು, ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳು. ಟ್ರಿಪೋಲಿಯಿಂದ ಹಬ್ಬ ನೋಡಲು ಬಂದವರ ಜೊತೆ ಬಂದಿದ್ದಾಳೆ, ನಾಳೆ ಬೆಳಗಿನ ಬಸ್ಸಿಗೆ ವಾಪಸಾಗುತ್ತಾಳೆ. ನಾಳೆಯೇ ನನ್ನ ಮೈದುನ ಇಸ್ಸಾ ಕೂಡ ಮಧ್ಯಾಹ್ನದ ಮೇಲೆ ಕಾರಿನಲ್ಲಿ ನಿನ್ನ ಬಳಿಗೆ ಹೊರಡುತ್ತಾನೆ. ಅವನಿಗಿಂತ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು. ಅವನು ಏನು ಹೇಳಲು ಬರುತ್ತಿದ್ದಾನೋ ಅದು ನಿಜವಲ್ಲ.

ನಿನ್ನೆ ಸಂಜೆ ಫೋನಿನಲ್ಲಿ ಹಬ್ಬ ಚೆನ್ನಾಗಿ ನಡೆಯುತ್ತಿದೆ, ಖರ್ಜೂರ ಈ ಸಲ ದಪ್ಪ ಬಂದಿದೆ ಎಂದೆನಲ್ಲ, ಪಕ್ಕದಲ್ಲೇ ಮನ್ನಾನಾ ಚಿಕ್ಕತ್ತೆ ಕೂತಿದ್ದರು. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು, ಮನುಷ್ಯರು ಹೋಗಿಯೇ ಹೇಳಬೇಕು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಗಂಟಲು ಯಾಕೆ ಹಾಗಿದೆ ಎಂದು ನೀನು ಕೇಳಿದೆ. ಧೂಳು ಎಂದೆ.

ಅಮ್ಮಾ, ನಾನು ಕುಬ್ಬಾದಲ್ಲಿ ಕೂತುಬಿಟ್ಟೆ.

ನಡುಮನೆಯ ಪಕ್ಕದ ಆ ಪುಟ್ಟ ಗೂಡಿನಲ್ಲಿ ನಮ್ಮೂರ ಹೆಂಗಸು ಬದುಕಿನಲ್ಲಿ ಎರಡೇ ಸಲ ಕೂರುತ್ತಾಳೆ. ನೀನು ಮದುಮಗಳಾಗಿ ಕೂತೆ, ಅಪ್ಪ ಹೋದ ದಿನ ಮತ್ತೆ ಕೂತೆ. ನಾನು ಆಗ ನಿನ್ನ ತೊಡೆಯ ಮೇಲೆ ಮಲಗಿ ಗೋಡೆಯ ಕೆಂಪು ಚಿತ್ತಾರಗಳಲ್ಲಿ ಮೀನು ಹುಡುಕುತ್ತಿದ್ದೆನಂತೆ. ನಾನು ಮೊದಲನೆಯ ಸಲ ಕೂತದ್ದನ್ನು ನೀನು ನೋಡಿದ್ದೀಯ, ಮುಖ್ತಾರನ ಈ ಮನೆಯಲ್ಲಿ, ನನ್ನ ಮದುವೆಯ ರಾತ್ರಿ. ಎರಡನೆಯದು ನಿನ್ನೆ ಆಗಿಹೋಯಿತು. ಈಗ ಊರಿನವರ ಪಾಲಿಗೆ ನಾನು ವಿಧವೆ. ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಮಸೀದಿಯಲ್ಲಿ ಮುಖ್ತಾರನ ಹೆಸರಿನಲ್ಲಿ ಕುರಾನ್ ಓದಿಸುತ್ತಾರೆ. ಒಮ್ಮೆ ಓದಿಸಿದರೆ ಅವನು ಸತ್ತವರ ಲೆಕ್ಕಕ್ಕೆ ಸೇರಿದ ಹಾಗೆ. ಅಷ್ಟರೊಳಗೆ ನಾನು ಬಾಯಿ ಬಿಡಬೇಕು, ಇಲ್ಲವೆಂದರೆ ಸಾಯುವ ತನಕ ಮುಚ್ಚಿಕೊಂಡಿರಬೇಕು. ಯಾವುದನ್ನು ಮಾಡಲಿ ಎಂದು ಕೇಳಲು ನನಗೆ ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ವರ್ಷವಿಡೀ ನಾವಿರುವ ಸಬ್ಹಾದಿಂದ ಅತ್ತೆ, ಇಸ್ಸಾ, ನಾನು ಹೋದ ವಾರವೇ ಬಂದೆವು. ಮುಖ್ತಾರ್ ಕಾಣೆಯಾದ ಮೇಲೆ ಬಂದ ಮೊದಲ ಹಬ್ಬ. ಇಸ್ಸಾ ಈ ವರ್ಷ ಮನೆ ತೆರೆಯುವುದು ಬೇಡ ಎಂದ. ಅತ್ತೆ ಕೇಳಲಿಲ್ಲ. "ಊರೆಲ್ಲ ಬಾಗಿಲು ತೆಗೆದಿರುವಾಗ ನಮ್ಮನೆ ಬಾಗಿಲು ಮಾತ್ರ ಯಾಕೆ ಮುಚ್ಚಿರಬೇಕು? ನಮ್ಮನೇಲಿ ಏನಾಗಿದೆ?" ಎಂದರು. ನನ್ನ ಅತ್ತೆ ಲಲ್ಲಾ ಝೊಹ್ರಾ ಹಾಗೆ ಕೇಳಿದರೆ ಉತ್ತರ ಕೊಡುವ ಎದೆ ಮನೆಯಲ್ಲಿ ಯಾರಿಗೂ ಇಲ್ಲ. ವರ್ಷವಿಡೀ ಬೀಗ ಹಾಕಿದ್ದ ಮನೆ. ಹಿತ್ತಾಳೆ ಬಟ್ಟಲುಗಳೆಲ್ಲ ಹಸಿರು ಹಿಡಿದಿದ್ದವು. ನಾವು ಹೆಂಗಸರೆಲ್ಲ ಸೇರಿ ಮೆಟ್ಟಿಲಿನಿಂದ ಹಿಡಿದು ಚಾವಣಿಯ ಮೇಲಿನ ಅಡುಗೆಮನೆಯ ತನಕ ಸುಣ್ಣ ಹೊಡೆದೆವು. ಮನ್ನಾನಾ ಚಿಕ್ಕತ್ತೆಗೆ ನನ್ನ ಕೆಲಸ ಕಂಡರೆ ನಗು. "ನೋಡ್ರೇ, ಸಾಹಿತ್ಯ ಓದಿದೋಳು ಸುಣ್ಣ ಹಚ್ಚೋದೂ ಪದ್ಯ ಬರ್ದಂಗೆ. ಒಂದು ಸಾಲು ಹಚ್ತಾಳೆ, ಹಿಂದೆ ಸರ್ದು ನೋಡ್ತಾಳೆ." ಪಕ್ಕದ ಚಾವಣಿಯಿಂದ ಯಾರೋ, "ಅವಳನ್ನ ಯಾಕೆ ಆಡ್ಕೋತೀಯ ಮನ್ನಾನಾ, ನಿನ್ನ ಕಡೆ ಗೋಡೆ ಒಂಟೆ ನೆಕ್ಕಿದಂಗಿದೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಗಳಿಗೆಯಲ್ಲಿ ಎದೆಯ ಮೇಲಿನ ಭಾರ ಸ್ವಲ್ಪ ಪಕ್ಕಕ್ಕೆ ಸರಿದಂತಾಗಿತ್ತು.

ಅತ್ತೆ ನಗಲಿಲ್ಲ. ಅವರು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಖ್ತಾರನ ತಮಟೆಯನ್ನು ಕೆಂಡಕ್ಕೆ ಹಿಡಿದು ಕಾಯಿಸುತ್ತಿದ್ದರು. ಹಬ್ಬದ ಮುನ್ನಾದಿನ ಚರ್ಮ ಬಿಗಿಯಾಗಲೆಂದು ಅವನೇ ಮಾಡುತ್ತಿದ್ದ ಕೆಲಸ. ಮನ್ನಾನಾ ಚಿಕ್ಕತ್ತೆ ದನಿ ತಗ್ಗಿಸಿ, "ಅಕ್ಕಾ, ಬಾರಿಸೋರು ಯಾರಿದಾರೆ?" ಎಂದರು. ಅತ್ತೆ ತಲೆ ಎತ್ತಲಿಲ್ಲ. "ಬಾರಿಸೋನು ಬರ್ತಾನೆ. ಬಂದಾಗ ಸಡಿಲ ಇದ್ರೆ ನಂಗೇ ಬೈಯೋದು ಅವನು." ಚಿಕ್ಕತ್ತೆ ನನ್ನ ಮುಖ ನೋಡಿದರು. ನಾನು ಸುಣ್ಣದ ಬಕೆಟ್ಟಿನೊಳಗೆ ನೋಡಿದೆ.

ಅಮ್ಮಾ, ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಆದರೂ ಕ್ರಮವಾಗಿ ಬರಲಿ. ಚಳಿಗಾಲದಲ್ಲಿ ಅವನು ಸಮುದ್ರದ ಕಡೆಗೆ ಹೋದ, ಆ ವಾರವೇ ಆಚೆ ದಡಕ್ಕೆ ಜನರನ್ನು ಕದ್ದು ಸಾಗಿಸುವ ದೋಣಿಯೊಂದು ಮಗುಚಿತು, ಬದುಕಿ ಬಂದವರಲ್ಲಿ ಅವನಿರಲಿಲ್ಲ, ಹೆಣವೂ ಸಿಗಲಿಲ್ಲ. ಖಾಜಿಯವರು ಅಂದೇ ಹೇಳಿದ್ದರು, ತಾಯಿ ಮತ್ತು ಹೆಂಡತಿ ಇಬ್ಬರೂ ಸತ್ತನೆಂದು ಒಪ್ಪಿದರೆ ಕಾಗದ ಬರೆದುಕೊಡುತ್ತೇನೆ, ಇಲ್ಲವಾದರೆ ವರ್ಷಗಟ್ಟಲೆ ಕಾಯಬೇಕು ಎಂದು. ಅತ್ತೆ ಒಪ್ಪಲಿಲ್ಲ. ನಾನು ಅವರ ಹಿಂದೆ ನಿಂತೆ. ಗಂಡನ ಮೇಲೆ ಎಷ್ಟು ಪ್ರೀತಿ ಎಂದು ಊರವರು ಹೊಗಳಿದರು. ಆಗ ಅದು ಪ್ರೀತಿಯೇ ಆಗಿತ್ತು.

ಈ ಸಲ ಹಬ್ಬದ ಸಮಿತಿಯವರು ಕುಬ್ಬಾದಲ್ಲಿ ಕೂತ ಮದುಮಗಳನ್ನು ಪ್ರವಾಸಿಗರಿಗೆ ತೋರಿಸಲು ನಮ್ಮ ಮನೆಯನ್ನು ಆರಿಸಿದ್ದರು. ಮನ್ನಾನಾ ಚಿಕ್ಕತ್ತೆಯ ಮಗಳು ತಿಬ್ರಾ ಕೂರುವುದೆಂದು ಆಗಿತ್ತು. ಮದುವೆ ಗೊತ್ತಾದ ಹುಡುಗಿ, ಆ ಉಡುಪು ಹಾಕಿಕೊಳ್ಳುವ ಆಸೆಗೆ ನಾಲ್ಕು ರಾತ್ರಿ ನಿದ್ದೆ ಮಾಡಿರಲಿಲ್ಲ. ನಿನ್ನೆ ಬೆಳಿಗ್ಗೆ ಪೂರ್ತಿ ಅಲಂಕಾರ ಮುಗಿದು, ಕೆಳಗೆ ಚಾವಣಿ ಮುಚ್ಚಿದ ಓಣಿಯ ಕತ್ತಲಲ್ಲಿ ಪ್ರವಾಸಿಗರ ಗದ್ದಲ ಕೇಳಿಬರುತ್ತಿರುವಾಗ ಅವಳ ಭಾವಿ ಗಂಡ ಫೋನ್ ಮಾಡಿದ. ನಿನ್ನ ಫೋಟೋ ಊರೂರ ಗಂಡಸರ ಫೋನಿಗೆಲ್ಲ ಹೋಗುತ್ತೆ, ಕೂತರೆ ಮದುವೆ ಇಲ್ಲ ಎಂದನಂತೆ. ಇವಳು, "ಹೋಗ್ ಅತ್ಲಾಗೆ, ಯಾರಿಗೆ ಬೇಕು ನೀನು" ಎಂದು ಫೋನಿಗೆ ಬೈದು, ಮರುಕ್ಷಣ ಗೊಳೋ ಎಂದು ಅಳುತ್ತ ಮೆಟ್ಟಿಲು ಹತ್ತಿ, ಚಾವಣಿಯಿಂದ ಚಾವಣಿಗೆ ದಾಟಿ ಗೆಳತಿಯ ಮನೆ ಸೇರಿಕೊಂಡಳು. ಮದುಮಗಳ ಉಡುಪು, ಒಡವೆ, ಕಾಲಿನ ಕಸೂತಿಯ ಚಡಾವು, ಎಲ್ಲ ಅವಳ ಮೈಮೇಲೆಯೇ.

ಕುಬ್ಬಾ ಖಾಲಿಯಾಯಿತು. ಚಿಕ್ಕತ್ತೆ ಹಣೆ ಹಣೆ ಬಡಿದುಕೊಂಡರು. ಅತ್ತೆ ಮೇಲೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು, ಅವರಿಗೆ ಇದು ಗೊತ್ತಿಲ್ಲ. ಚಿಕ್ಕತ್ತೆಯ ಕಣ್ಣು ಮೂಲೆಯಲ್ಲಿ ನಿಂತಿದ್ದ ನನ್ನ ಮೇಲೆ ಬಿತ್ತು.

"ವಿದಾದ್, ನೀನು ಹೋಗಿ ಕೂತ್ಕೋ."

ನಾನು ಕೂರಬಾರದು ಚಿಕ್ಕತ್ತೆ ಎಂದೆ. ನನ್ನ ದನಿ ಎಂದಿನಂತೆ ಮೆಲ್ಲಗೇ ಬಂತು.

"ಹಬ್ಬದ ಆಟ ಕಣೇ ಇದು. ಹೋದ ವರ್ಷ ಆಚೆ ಓಣೀಲಿ ಆ ಚಪ್ಪಟೆ ಮೂಗಿನ ಹುಡುಗಿ ಕೂತಿದ್ಲು, ಅವಳಿಗೇನು ಗಂಡ ಸಿಕ್ಬಿಟ್ನಾ? ಮುಸುಕು ಬಿದ್ರೆ ಯಾವ ಮದುಮಗಳಾದ್ರೇನು. ನಾನು ಓಡಿಹೋಗಿ ನನ್ನ ಉಡುಪು ತರ್ತೀನಿ, ಅಲ್ಲೀವರೆಗೂ ಜಾಗ ಹಿಡ್ಕೊಂಡು ಕೂತಿರು. ಖಾಲಿ ಬಿಟ್ರೆ ಬಂದೋರೆಲ್ಲ ಚಪ್ಪಲಿ ಸಮೇತ ಒಳಗೆ ಕೂತು ಫೋಟೋ ತೆಗೆಸ್ಕೋತಾರೆ."

ಅದು ನಿಜವಾಗಿತ್ತು. ಹಿಂದಿನ ವರ್ಷ ಯಾರೋ ಹಾಗೆ ಮಾಡಿ ದೊಡ್ಡ ಜಗಳವಾಗಿತ್ತು. ಹೋಗಿ ಕೂತೆ. ಬೇಡ ಎಂದು ಎರಡು ಸಲ ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ, ನಿನಗೇ ಗೊತ್ತು.

ಹೇಗೆ ಕೂತಿದ್ದೆ ಎಂದು ಯೋಚಿಸು. ಸುಣ್ಣದ ಕಲೆಯ ಹತ್ತಿಯ ನಿಲುವಂಗಿ. ತಲೆಗೆ ಧೂಳು ಬೀಳದಿರಲೆಂದು ಕಟ್ಟಿದ ಹಳೆಯ ಬಟ್ಟೆ. ಕಣ್ಣಿಗೆ ಕಾಡಿಗೆಯಿಲ್ಲ, ಕೈಗೆ ಮೆಹಂದಿಯಿಲ್ಲ, ಮೈಮೇಲೆ ಒಂದು ಒಡವೆಯಿಲ್ಲ. ನಾನು ತಲೆ ತಗ್ಗಿಸಿ ಮಂಡಿ ಮಡಚಿಕೊಂಡು ಕೂತಿದ್ದೆ. ಆಗ ಮೆಟ್ಟಿಲ ಕಡೆಯಿಂದ ತೂಮಾ ಅಜ್ಜಿ ಇಳಿದು ಬಂದರು. ಊರಿನ ಪ್ರತಿ ಸಾವಿನಲ್ಲೂ ಅಳುಹಾಡಿನ ಮೊದಲ ಸೊಲ್ಲು ಎತ್ತುವವರು ಅವರೇ ತಾನೆ. ತಿಬ್ರಾಳ ಅಲಂಕಾರ ನೋಡಲು ಬಂದವರು ನನ್ನನ್ನು ನೋಡಿದರು. ಮುಖ್ತಾರನ ಮನೆ, ಮುಖ್ತಾರನ ಹೆಂಡತಿ, ಬರಿಗಣ್ಣು, ಬರಿಗೈ, ಕುಬ್ಬಾ. ಅಜ್ಜಿ ಗೋಡೆ ಹಿಡಿದು ನಿಂತುಬಿಟ್ಟರು. ಆಮೇಲೆ ನಿಧಾನವಾಗಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಅಲ್ಲಾಹ್ ನಿಂಗೆ ತಾಳ್ಮೆ ಕೊಡ್ಲಿ ಮಗಳೇ. ಕೊನೆಗೂ ಕೂತ್ಯಾ," ಎಂದರು.

ಅಲ್ಲ ಅಜ್ಜಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸೊಲ್ಲು ಎತ್ತಿಯಾಗಿತ್ತು.

ಆ ಸೊಲ್ಲು ನಡುಮನೆಯಲ್ಲಿ ನಿಲ್ಲುವುದಿಲ್ಲವಲ್ಲ, ಚಾವಣಿಯ ಬೆಳಕಿಂಡಿಯಿಂದ ನೇರ ಮೇಲೆ ಹೋಗುತ್ತದೆ. ಒಂದು ಚಾವಣಿಯ ಹೆಂಗಸರು ಕೇಳಿದರು, ಅವರಿಂದ ಪಕ್ಕದವರು, ಅವರಿಂದ ಆಚೆ ಓಣಿಯವರು. ಹಬ್ಬಕ್ಕೆಂದು ಎಲ್ಲೆಲ್ಲಿಂದಲೋ ಬಂದ ನಮ್ಮೂರ ಹೆಂಗಸರೆಲ್ಲ ಮೇಲೆಯೇ ಇದ್ದರು. ಮೆಟ್ಟಿಲಿನಲ್ಲಿ ಕಾಲಿನ ಸದ್ದು ಮಳೆಯಂತೆ ಇಳಿಯಿತು. ಅದೇ ಹೊತ್ತಿಗೆ ಕೆಳಗಿನ ಬಾಗಿಲಿನಿಂದ ಪ್ರವಾಸಿಗರ ಗುಂಪು ಒಳಗೆ ಬಂತು. ಜೊತೆಗಿದ್ದ ಸಮಿತಿಯ ಹುಡುಗನಿಗೆ ಏನೂ ಅರ್ಥವಾಗದೆ, "ಇದು ನಮ್ಮ ಹಳೇ ಪದ್ಧತಿ, ಮಾಡಿ ತೋರಿಸ್ತಿದಾರೆ" ಎಂದು ವಿವರಿಸಿದ. ಅವರು ಫೋಟೋ ತೆಗೆದರು. ಒಬ್ಬ ಹೆಂಗಸು ಕ್ಯಾಮೆರಾ ಇಳಿಸಿ, ಕಣ್ಣು ಒರೆಸಿಕೊಂಡು, ಬಹಳ ಚೆನ್ನಾಗಿದೆ ಎಂಬಂತೆ ನನ್ನ ಕಡೆ ಹೆಬ್ಬೆರಳು ಎತ್ತಿದಳು.

ಒಬ್ಬೊಬ್ಬರೂ ಬಂದು ನನ್ನ ಮಂಡಿ ಮುಟ್ಟಿದರು. ಸುದ್ದಿ ಯಾವಾಗ ಬಂತು ಎಂದು ಅವರವರಲ್ಲೇ ಕೇಳಿಕೊಂಡರು. ಒಬ್ಬರು ಮೊನ್ನೆ ಬಂತಂತೆ ಎಂದರು, ಇನ್ನೊಬ್ಬರು ಹೆಣ ಮಾಲ್ಟಾದಲ್ಲಿ ಸಿಕ್ಕಿತಂತೆ ಎಂದರು. ನಾನೇನೂ ಹೇಳದೆಯೇ ಎಲ್ಲ ತಯಾರಾಗಿಬಿಟ್ಟಿತು. ಮನ್ನಾನಾ ಚಿಕ್ಕತ್ತೆ ಉಡುಪು ಹೊತ್ತುಕೊಂಡು ಏದುಸಿರು ಬಿಡುತ್ತ ಬಂದವರು ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದರು. ತಪ್ಪಾಗಿದೆ ಎಂದು ಹೇಳಬಹುದಾಗಿದ್ದ ಇನ್ನೊಬ್ಬರೆಂದರೆ ಅವರೇ. ಆದರೆ ನಾನು ಏಳದೆ ಕೂತಿರುವುದನ್ನು ಕಂಡು ನನಗೆ ನಿಜವಾಗಿಯೂ ಏನೋ ತಿಳಿದಿದೆ, ಈ ನೆಪದಲ್ಲಿ ಕೂತಿದ್ದೇನೆ ಎಂದುಕೊಂಡರು. ಉಡುಪನ್ನು ಮೆಲ್ಲಗೆ ಚಾಪೆಯ ಕೆಳಗೆ ತಳ್ಳಿ ಅವರೂ ಅಳಲು ಕೂತರು.

ಆಮೇಲೆ ಅತ್ತೆ ಇಳಿದು ಬಂದರು. ಎರಡೂ ಕೈ ಹಿಟ್ಟು. ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರು ನನ್ನನ್ನು ನೋಡಿದರು, ಅಮ್ಮಾ, ಎಷ್ಟು ಹೊತ್ತು ಎಂದರೆ ತೂಮಾ ಅಜ್ಜಿಯ ದನಿಯೂ ನಿಂತುಹೋಯಿತು. ಸುದ್ದಿ ಬಂದಿದೆಯಾ ಎಂದು ಕೇಳಬಹುದಾಗಿತ್ತು. ಕೇಳಲಿಲ್ಲ. ನಾನು ಎದ್ದು ನಿಲ್ಲಬಹುದಾಗಿತ್ತು. ಎದ್ದಿದ್ದರೆ ಸಾಕಿತ್ತು, ಒಂದು ಮಾತೂ ಬೇಕಿರಲಿಲ್ಲ. ಎಲ್ಲರೂ ತಪ್ಪು ತಿಳಿದೆವು ಎಂದು ಬೈದುಕೊಂಡು, ಚಿಕ್ಕತ್ತೆಯನ್ನು ಉಗಿದು, ನಕ್ಕು, ರೊಟ್ಟಿ ತಿನ್ನಲು ಮೇಲೆ ಹೋಗುತ್ತಿದ್ದರು.

ನಾನು ಏಳಲಿಲ್ಲ.

ಅತ್ತೆ ಅಲ್ಲೇ ನೆಲಕ್ಕೆ ಕುಸಿದರು. ಹಿಟ್ಟಿನ ಕೈಯಿಂದ ಮುಖ ಮುಚ್ಚಿಕೊಂಡರು. ಇಷ್ಟು ತಿಂಗಳು ಒಂದು ಹನಿ ಕಣ್ಣೀರು ಹಾಕದ ಹೆಂಗಸಿನ ಒಳಗಿನಿಂದ ಬಂದ ಆ ದನಿಯನ್ನು ನಾನು ಬರೆಯಲಾರೆ.

ಈಗ ನೀನು ಕೇಳುತ್ತೀಯ, ಯಾಕೆ ಏಳಲಿಲ್ಲ ಎಂದು. ಬರೆಯುತ್ತೇನೆ. ಇಲ್ಲಿಂದ ಮುಂದಿನದನ್ನು ಹನಾನ್ ಓದುತ್ತಿದ್ದರೆ, ಹನಾನ್, ದಯವಿಟ್ಟು ಮೆಲ್ಲಗೆ ಓದು.

ಮುಖ್ತಾರ್ ಬದುಕಿದ್ದಾನೆ.

ವಸಂತದಲ್ಲಿ ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಸಬ್ಹಾದ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವನು ಮಾತಾಡುವ ಮೊದಲೇ ಉಸಿರಿನಲ್ಲೇ ಗುರುತು ಹಿಡಿದೆ. "ನಾನು. ಕೂಗ್ಬೇಡ" ಎಂದ. ಮಗುಚಿದ ದೋಣಿಗೆ ಅವನು ಹತ್ತಿರಲೇ ಇಲ್ಲವಂತೆ, ಆಮೇಲಿನ ಬೇರೊಂದರಲ್ಲಿ ಹೋದನಂತೆ. ಸಮುದ್ರದಾಚೆ ಕತಾನಿಯಾ ಎಂಬ ಊರಿನಲ್ಲಿ ಇದ್ದಾನೆ. ಹಿನ್ನೆಲೆಯಲ್ಲಿ ಒಂದು ಮಗು ಅಳುತ್ತಿತ್ತು, ಒಬ್ಬ ಹೆಂಗಸು ಅದಕ್ಕೆ ಏನೋ ಹೇಳುತ್ತಿದ್ದಳು. ಅವಳು ಯಾರು ಎಂದು ಕೇಳಿದೆ. ಅದಕ್ಕೆ ಅವನು, "ಇಲ್ಲೇ ಇದ್ಬಿಡ್ತೀನಿ ವಿದಾದ್" ಎಂದ. ನಿನ್ನ ಅಮ್ಮನಿಗೆ ಏನು ಹೇಳಲಿ ಎಂದೆ. "ಏನೂ ಹೇಳ್ಬೇಡ. ಸತ್ತ ಅಂತಾನೇ ಇರ್ಲಿ. ಸತ್ತ ಮಗನಿಗೆ ಅತ್ತು ಸುಮ್ಮನಾಗ್ತಾಳೆ, ಬಿಟ್ಟುಹೋದ ಮಗನ್ನ ತಡ್ಕೊಳಲ್ಲ."

ಹಾಗಾದರೆ ನನ್ನನ್ನು ಬಿಡು ಎಂದೆ, ಅಮ್ಮಾ. ಜೀವನದಲ್ಲಿ ಅಷ್ಟು ಜೋರಾಗಿ ನಾನು ಏನನ್ನೂ ಕೇಳಿರಲಿಲ್ಲ. ತಲಾಖ್ ಹೇಳು, ಇಬ್ಬರು ಸಾಕ್ಷಿಗಳ ಎದುರು ಹೇಳಿ ಕಾಗದ ಕಳಿಸು ಎಂದೆ. ಅವನು ನಿಟ್ಟುಸಿರು ಬಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದ, "ಕಾಗದ ಕಳಿಸಿದ್ರೆ ಬದುಕಿದೀನಿ ಅಂತ ಗೊತ್ತಾಗುತ್ತಲ್ಲ." ಫೋನ್ ಇಟ್ಟ. ಆ ನಂಬರಿಗೆ ಆಮೇಲೆ ಎಷ್ಟೋ ಸಲ ಮಾಡಿದೆ. ಹೋಗುವುದಿಲ್ಲ.

ನಿನಗೂ ಹೇಳಲಿಲ್ಲ. ಹೇಳಿದರೆ ನೀನು ಮರುದಿನವೇ ಸಬ್ಹಾಕ್ಕೆ ಬಂದು ಅತ್ತೆಯ ಎದುರು ಕೂರುತ್ತಿದ್ದೆ. ನಾಚಿಕೆಯೂ ಇತ್ತು. ಗಂಡ ಸಮುದ್ರದ ಪಾಲಾದ ಎಂದಾಗ ಮುಖ ಎತ್ತಿ ನಡೆಯಬಹುದು, ಗಂಡ ಬೇಡವೆಂದು ಹೋದ ಎಂದಾಗ ಹೇಗೆ ನಡೆಯುವುದೆಂದು ನನಗೆ ತಿಳಿಯಲಿಲ್ಲ. ಅವನು ಸತ್ತಿಲ್ಲವೆಂದು ಅತ್ತೆ ಹೇಳಿದಾಗಲೆಲ್ಲ ಹೌದು ಹೌದು ಎಂದು ಅವರ ಹಿಂದೆ ನಿಂತೆ. ಇಬ್ಬರೂ ಒಪ್ಪದೆ ಖಾಜಿ ಬರೆಯುವಂತಿಲ್ಲ, ಅತ್ತೆ ಒಪ್ಪುವವರಲ್ಲ. ಅವನು ಹೇಳುವುದಿಲ್ಲ, ಇವರು ಒಪ್ಪುವುದಿಲ್ಲ. ರಾತ್ರಿ ಹಾಸಿಗೆಯಲ್ಲಿ ಈ ಎರಡನ್ನೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದೆ. ಎಲ್ಲೂ ಬಾಗಿಲಿರಲಿಲ್ಲ. ಟ್ರಿಪೋಲಿಯ ಹೆಣ್ಣುಮಕ್ಕಳ ಶಾಲೆಯಿಂದ ಬಂದ ಕೆಲಸದ ಕರೆಯನ್ನು ನಾನು ಬೇಡವೆಂದಾಗ ನೀನು ಬೈದೆಯಲ್ಲ. ಕಾಣೆಯಾದ ಗಂಡನ ಹೆಂಡತಿ ಅತ್ತೆಮನೆ ಬಿಟ್ಟು ಕೆಲಸಕ್ಕೆ ಹೋದಳು ಎಂದರೆ ಅತ್ತೆ ಊರಿಗೆ ಏನೆಂದು ಉತ್ತರ ಕೊಡುತ್ತಿದ್ದರು?

ನಿನ್ನೆ ಅತ್ತೆ ಮೆಟ್ಟಿಲ ಬುಡದಲ್ಲಿ ನಿಂತು ನೋಡುತ್ತಿದ್ದಾಗ ಇದೆಲ್ಲ ಒಂದೇ ಸಲಕ್ಕೆ ತಲೆಯೊಳಗೆ ಬಂತು. ಹೊಸದೊಂದು ಬಾಗಿಲು ತಾನಾಗಿ ತೆರೆದಿತ್ತು. ಏಳದೆ ಕೂತರೆ ಸಾಕು. ಗಂಡ ಸತ್ತವಳು ಮನೆಯಲ್ಲೇ ಕಳೆಯಬೇಕಾದ ದುಃಖದ ತಿಂಗಳುಗಳು ಮುಗಿದ ಮೇಲೆ ನಾನು ಯಾರಿಗೂ ಕಟ್ಟುಬಿದ್ದವಳಲ್ಲ. ಆ ಶಾಲೆಗೆ ಮತ್ತೆ ಬರೆಯಬಹುದು. ನಿನ್ನ ಪಕ್ಕದಲ್ಲಿ ಮಲಗಬಹುದು. ಅಷ್ಟನ್ನು ಯೋಚಿಸುವಷ್ಟರಲ್ಲಿ ಆ ಮುದುಕಿ ನೆಲಕ್ಕೆ ಬಿದ್ದಿದ್ದರು.

ಇಂದು ಬೆಳಿಗ್ಗೆಯಿಂದ ಜನ ಬರುತ್ತಲೇ ಇದ್ದಾರೆ. ನಮ್ಮ ಓಣಿಯಲ್ಲಿ ಮಾತ್ರ ತಮಟೆ ನಿಲ್ಲಿಸಿದ್ದಾರೆ, ಊರಾಚೆಯ ಮರಳಿನಲ್ಲಿ ಒಂಟೆ ಓಟದ ಕೂಗು ಗಾಳಿ ತಿರುಗಿದಾಗಲೆಲ್ಲ ಕೇಳುತ್ತದೆ. ಹೆಂಗಸರು ನನ್ನ ಎದುರೇ ಮಾತಾಡಿಕೊಳ್ಳುತ್ತಾರೆ. "ಪಾಪ, ಕೊನೆಗೂ ಮನಸ್ಸು ಗಟ್ಟಿ ಮಾಡ್ಕೊಂಡ್ಲು." "ಇಷ್ಟು ತಿಂಗಳು ಬೇಕಾಯ್ತು ನೋಡು." "ಓದಿದೋರ ತಲೆಗೆ ಇಳಿಯೋದು ನಿಧಾನ ಕಣಮ್ಮಾ." ಇಸ್ಸಾ ಬಾಗಿಲಾಚೆ ನಿಂತು, ಒಳ್ಳೆಯದಾಯಿತು ಅತ್ತಿಗೆ, ಒಂದು ಕಡೆ ಆಯಿತು, ಅಮ್ಮನೂ ಅತ್ತು ಹಗುರಾದರು ಎಂದ. ಹಗುರಾಗಿಲ್ಲ. ಅವರು ನಿನ್ನೆಯಿಂದ ನೀರು ಬಿಟ್ಟು ಬೇರೇನನ್ನೂ ಮುಟ್ಟಿಲ್ಲ. ಆದರೂ ಬಂದವರೆಲ್ಲರನ್ನೂ ವಿಚಾರಿಸುತ್ತಾರೆ, ನನಗೆ ಊಟ ಕೊಟ್ಟಿರಾ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಮಧ್ಯಾಹ್ನ ತಾವೇ ನನ್ನ ಬೆನ್ನಿಗೆ ದಿಂಬು ಇಟ್ಟು ಹೋದರು. ಆ ದಿಂಬಿಗೆ ಒರಗಲು ನನ್ನಿಂದ ಆಗಲಿಲ್ಲ.

ಹನಾನ್ ಬಂದಾಗ ಅವಳೂ ನನ್ನ ಮಂಡಿ ಮುಟ್ಟಿ ಅತ್ತಳು. ಪತ್ರ ಕೊಡುತ್ತೇನೆ, ಸಂಜೆ ಬಂದು ತೆಗೆದುಕೊಂಡು ಹೋಗು ಎಂದಷ್ಟೇ ಹೇಳಿದೆ.

ಅಮ್ಮಾ, ಈಗ ಹೇಳು. ನಾನು ಎದ್ದು ಸತ್ಯ ಹೇಳಿದರೆ ಅತ್ತೆಗೆ ಮಗ ಸಿಗುತ್ತಾನೆ, ಯಾವ ಮಗ ಎಂದೂ ತಿಳಿಯುತ್ತದೆ. ನಿನ್ನೆಯಿಂದ ಅವರನ್ನು ಅಳಲು ಬಿಟ್ಟವಳು ನಾನೆಂದೂ ತಿಳಿಯುತ್ತದೆ. ನನಗೆ ಮತ್ತೆ ಅದೇ ಬೀಗ. ಹೇಳದಿದ್ದರೆ ಒಬ್ಬ ತಾಯಿ ಬದುಕಿರುವ ಮಗನಿಗೆ ಶುಕ್ರವಾರ ಕುರಾನ್ ಓದಿಸುತ್ತಾಳೆ, ಅವಳ ಪಕ್ಕದಲ್ಲಿ ನಾನು ಕೂತಿರುತ್ತೇನೆ. ಅದಾದ ಮೇಲೆ ನಾನು ಎಲ್ಲಿಗೆ ಹೋದರೂ ಇದು ನನ್ನ ಜೊತೆ ಬರುತ್ತದೆ. ನೀನು ಈ ಸುಳ್ಳು ಬೇಡವೆಂದರೆ ನಾಳಿದ್ದು ನೀನು ಕಾರಿನಿಂದ ಇಳಿದ ಕೂಡಲೇ ನಾನು ಎದ್ದು ನಿಲ್ಲುತ್ತೇನೆ. ಸುಮ್ಮನಿರು ಎಂದರೆ ಸುಮ್ಮನಿರುತ್ತೇನೆ. ಫೋನ್ ಮಾತ್ರ ಮಾಡಬೇಡ, ಎಲ್ಲರೂ ಕೇಳುತ್ತಿರುತ್ತಾರೆ. ಇಸ್ಸಾನ ಜೊತೆ ಬಾ. ನೀನು ಬಂದು ನನ್ನ ಮುಖ ನೋಡಿದರೆ ಸಾಕು, ನಿನ್ನ ಉತ್ತರ ನನಗೆ ತಿಳಿಯುತ್ತದೆ. ಆಮೇಲೆ ಹೇಗಾದರೂ ಮಾಡಿ ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗು.

ನಿನ್ನ ಕಣ್ಣಿಗೆ ಶ್ರಮ ಕೊಟ್ಟೆ, ಕ್ಷಮಿಸು.

ನಿನ್ನ ಮಗಳು,
ವಿದಾದ್

ಮರೆತ ಮಾತು ಎಂದು ಬರೆಯಬೇಕು, ಆದರೆ ಇದು ಮರೆತದ್ದಲ್ಲ, ಈಗ ಆದದ್ದು.

ಪತ್ರ ಮಡಚಿಟ್ಟು ಹನಾನ್‌ಳಿಗೆ ಕಾಯುತ್ತಿದ್ದೆ. ಹೆಂಗಸರು ಇಳಿಹೊತ್ತಿನ ಅಸರ್ ನಮಾಜಿಗೆಂದು ಮೇಲೆ ಹೋಗಿದ್ದರು. ಅತ್ತೆ ಒಬ್ಬರೇ ಬಂದು ಕುಬ್ಬಾದ ಹೊಸ್ತಿಲ ಮೇಲೆ ಕೂತರು. ಯಾರಿಗೆ ಬರೆದೆ ಎಂದು ಕೇಳಿದರು. ಅಮ್ಮನಿಗೆ ಎಂದೆ. "ಎಲ್ಲಾ ಬರ್ದ್ಯಾ?" ಎಂದರು. ಅವರು ನನ್ನ ಪಾದದ ಮೇಲಿದ್ದ ಸುಣ್ಣದ ಕಲೆಯನ್ನು ಉಗುರಿನಿಂದ ಕೆರೆಯುತ್ತ, ನನ್ನ ಮುಖ ನೋಡದೆ ಹೇಳಿದರು.

"ಈದ್ ದಿನ ನಂಗೂ ಫೋನ್ ಮಾಡಿದ್ದ. ನಿಂಗೆ ಮಾಡಿದ್ದೂ ಅವನೇ ಹೇಳ್ದ. ನೀನು ಬಾಯಿ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ನಂಗೆ ಗೊತ್ತು ಅಂತ ನಿಂಗೆ ಗೊತ್ತಾದ್ರೆ ನೀನು ಹೊರಟುಹೋಗ್ತಿದ್ದೆ. ಮಗ ಹೋದ, ಸೊಸೆನಾದ್ರೂ ಇರ್ಲಿ ಅಂತ ಹಿಡ್ಕೊಂಡಿದ್ದೆ. ಹಬ್ಬಕ್ಕೆ ಬಂದೇ ಬರ್ತಾನೆ ಅಂತಾನೂ ಇತ್ತು ಒಳಗೆ. ನಿನ್ನೆ ನೀನು ಇಲ್ಲಿ ಕೂತಿದ್ದು ನೋಡ್ದೆ. ನಿನ್ನ ಮುಖ ನೋಡ್ದೆ. ಸಾಕು ಅನ್ನಿಸ್ತು."

ಹಾಗಾದರೆ ಆ ಅಳು ಎಂದು ಕೇಳಿದೆ.

"ಅಳು ಸುಳ್ಳಲ್ಲ. ಇಮಾಮರಿಗೆ ಶುಕ್ರವಾರದ್ದು ನಾನೇ ಹೇಳಿ ಕಳಿಸಿದೀನಿ. ಖಾಜಿ ಹತ್ರ ನಾನೇ ಒಪ್ಕೋತೀನಿ. ಆ ಪಾಪ ನಂದು, ನೀನು ಪಾಲು ಕೇಳ್ಬೇಡ. ಎದ್ದು ಮಾತ್ರ ನಿಲ್ಬೇಡ ಮಗಳೇ, ನಾನು ಇಷ್ಟು ಮಾಡಿದ ಮೇಲೆ."

ಮೇಲಿನಿಂದ ಯಾರೋ ಇಳಿಯುವ ಸದ್ದಾಯಿತು. ಅವರು ತಲೆಯ ಮೇಲಿನ ಬಟ್ಟೆ ಎಳೆದುಕೊಂಡು ಮತ್ತೆ ಅಳುತ್ತ ಕೂತರು. ನಾನು ಅವರ ಕೈ ಹಿಡಿದುಕೊಂಡೆ. ಬಂದವರು ನಮ್ಮಿಬ್ಬರನ್ನೂ ಸಮಾಧಾನ ಮಾಡಿದರು.

ಆದ್ದರಿಂದ ಅಮ್ಮಾ, ಇಸ್ಸಾನ ಎದುರು ಏನೂ ಗೊತ್ತಿಲ್ಲದವಳಂತೆ ಸುದ್ದಿ ಕೇಳು. ನನ್ನನ್ನು ಕರೆದುಕೊಂಡು ಹೋಗಲು ಬರಬೇಡ, ದುಃಖದ ತಿಂಗಳುಗಳು ಮುಗಿಯುವ ತನಕ ನಾನು ಈ ಮನೆಯಲ್ಲಿ ಅವರ ಜೊತೆ ಇರುತ್ತೇನೆ. ನೀನು ಬಂದಾಗ ಮೊದಲು ನನ್ನ ಹತ್ತಿರ ಬರಬೇಡ. ಅವರ ಹತ್ತಿರ ಹೋಗು. ಹೋಗಿ ಅವರ ಜೊತೆ ಅಳು. ಈ ಪತ್ರವನ್ನು ಓದಿದ ಮೇಲೆ ಒಲೆಗೆ ಹಾಕು.